ಲೋಹ ಹಿಡಿಯುವ ಗಂಧಕ: ಡೈಥಯೋಕಾರ್ಬಮೇಟ್‌ಗಳ ಚರಿತ್ರೆ ಮತ್ತು ದುಡಿಯುವವರ ತಿಳಿವು

ಪೀಠಿಕೆ

ಕನ್ನಡದ 'ಮದ್ದು' ಎಂಬ ಪದಕ್ಕೆ ಒಂದಕ್ಕಿಂತ ಹೆಚ್ಚು ಮುಖಗಳಿವೆ. ಕಾಯಿಲೆ ವಾಸಿಮಾಡುವುದು ಮದ್ದು. ಕೋವಿಗೆ ತುಂಬುವುದೂ ಮದ್ದು. ಅನ್ನದಲ್ಲಿ ಬೆರೆಸಿ ಹಗೆಯ ಮೈಯನ್ನು ಕೊರಗಿಸುತ್ತಾರೆಂಬ ಜನಪದ ನಂಬಿಕೆಯಲ್ಲಿ 'ಮದ್ದು ಹಾಕುವುದು' ಎಂಬುದೂ ಇದೇ ಪದ. ಗುಣಪಡಿಸುವ ವಸ್ತುವಿಗೂ ಕೊಲ್ಲುವ ವಸ್ತುವಿಗೂ ಒಂದೇ ಹೆಸರಿಟ್ಟ ಸಮುದಾಯವು ಅಂಥ ವಸ್ತುಗಳ ಇಬ್ಬಂದಿ ಸ್ವಭಾವವನ್ನು ಬಲ್ಲದ್ದಾಗಿತ್ತು ಎನ್ನಲು ಈ ಪದವೇ ಆಧಾರ. ಕರಾವಳಿ ಮತ್ತು ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದ ಮುನ್ನ ಕೊನೆಗಳಿಗೆ ದ್ರಾವಣ ಸಿಂಪಡಿಸುವ ಕೆಲಸಕ್ಕೂ 'ಮದ್ದು ಬಿಡುವುದು', 'ಮದ್ದು ಹೊಡೆಯುವುದು' ಎಂಬ ಮಾತುಗಳೇ ಬಳಕೆಯಲ್ಲಿವೆ.

ಇಪ್ಪತ್ತನೆಯ ಶತಮಾನದಲ್ಲಿ ಕಾರ್ಖಾನೆಯಿಂದ ಹೊಲಕ್ಕೆ, ಹೊಲದಿಂದ ಊಟದ ತಟ್ಟೆಗೆ, ಕಾರ್ಖಾನೆಯ ಕೊಳಚೆ ಗುಂಡಿಯಿಂದ ನದಿಗೆ ಸಂಚರಿಸಿದ ರಾಸಾಯನಿಕಗಳ ಗುಂಪೊಂದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ವಿಜ್ಞಾನಿಗಳು ಇವುಗಳನ್ನು ಡೈಥಯೋಕಾರ್ಬಮೇಟ್‌ಗಳೆಂದು ಕರೆಯುತ್ತಾರೆ. ನಮ್ಮ ರೈತರಿಗೆ ಇವುಗಳಲ್ಲಿ ಒಂದು 'ಎಂ-45' ಎಂಬ ಹೆಸರಿನಲ್ಲಿ ಚಿರಪರಿಚಿತ. ಇವುಗಳ ರಾಸಾಯನಿಕ ಚರಿತ್ರೆ ಬೇರೆಡೆ ಸಾಕಷ್ಟು ದಾಖಲಾಗಿದೆ. ಆ ಚರಿತ್ರೆಯ ಪ್ರತಿಯೊಂದು ತಿರುವಿನಲ್ಲಿಯೂ ವಸ್ತುವಿನ ಗುಣವನ್ನು ಮೊದಲು ಅರಿತವರು ಅದನ್ನು ಕೈಯಾರೆ ಮುಟ್ಟಿ ದುಡಿದವರು ಎಂಬ ಸಂಗತಿಗೆ ಮಾತ್ರ ಸಲ್ಲಬೇಕಾದ ಗಮನ ಸಂದಿಲ್ಲ. ಸುರಕ್ಷಿತ ಬಳಕೆಯ ಪ್ರಶ್ನೆಯನ್ನು ಈ ನೆಲೆಯಿಂದ ನೋಡಿದಾಗ ಅದು ತಿಳಿವಿನ ಒಡೆತನದ ಪ್ರಶ್ನೆಯೂ ಆಗುತ್ತದೆ.

ಏಡಿಯ ಇಕ್ಕಳ: ವಸ್ತುವಿನ ಗುಣ

ಡೈಥಯೋಕಾರ್ಬಮೇಟ್ ತಯಾರಿಕೆಯ ಕ್ರಮ ಸರಳವಾದುದು. ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವು ಅಮೀನ್ ವರ್ಗದ ವಸ್ತುವಿನೊಡನೆ, ಕ್ಷಾರದ ಸಮ್ಮುಖದಲ್ಲಿ, ಕೂಡಿದಾಗ ಇದು ಉಂಟಾಗುತ್ತದೆ. ಇದರ ಅಣುವಿನ ಒಂದು ತುದಿಯಲ್ಲಿ ಒಂದೇ ಇಂಗಾಲಕ್ಕೆ ಅಂಟಿಕೊಂಡ ಎರಡು ಗಂಧಕದ ಪರಮಾಣುಗಳಿರುತ್ತವೆ. ತಾಮ್ರ, ಸತು, ನಿಕಲ್, ಸೀಸ, ಪಾದರಸದಂತಹ ಲೋಹಗಳು ಎದುರಾದಾಗ ಈ ಎರಡು ಗಂಧಕಗಳು ಎರಡು ಕಡೆಯಿಂದ ಲೋಹವನ್ನು ಹಿಡಿದುಕೊಳ್ಳುತ್ತವೆ. ಹೀಗೆ ಹಿಡಿಯುವ ಕ್ರಿಯೆಗೆ 1920ರಲ್ಲಿ ಮಾರ್ಗನ್ ಮತ್ತು ಡ್ರೂ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿಗಳು 'ಕೀಲೇಟ್' ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಗಾಲನ್ನು ಸೂಚಿಸುವ ಪದವೇ ಇದರ ಮೂಲ. ಗದ್ದೆಯ ಬದುವಿನಲ್ಲಿ ಏಡಿ ಹಿಡಿದು ಬಲ್ಲ ಯಾರಿಗೂ ಈ ರೂಪಕವನ್ನು ವಿವರಿಸಬೇಕಾಗಿಲ್ಲ.

ಹಿಡಿದ ಲೋಹ ಸಾಮಾನ್ಯವಾಗಿ ನೀರಿನಲ್ಲಿ ಕರಗದ ಸಂಯುಕ್ತವಾಗಿ ಬೇರ್ಪಡುತ್ತದೆ. ತಾಮ್ರದ ಸಂಯುಕ್ತಕ್ಕೆ ಹೊಂಗಂದು ಬಣ್ಣವಿರುತ್ತದೆ. ಫ್ರಾನ್ಸಿನ ಮಾರ್ಸೆಲ್ ದೆಲೆಪೀನ್ 1900ರ ದಶಕದಲ್ಲಿಯೇ ಈ ಬಣ್ಣವನ್ನು ಗಮನಿಸಿದ್ದನು. 1929ರಲ್ಲಿ ಕ್ಯಾಲನ್ ಮತ್ತು ಹೆಂಡರ್‌ಸನ್ ಎಂಬುವರು ಇದನ್ನೇ ಆಧರಿಸಿ ಅತ್ಯಲ್ಪ ಪ್ರಮಾಣದ ತಾಮ್ರವನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಅಲ್ಲಿಂದ ಮುಂದೆ ಸೋಡಿಯಂ ಡೈಈಥೈಲ್ ಡೈಥಯೋಕಾರ್ಬಮೇಟ್ ಎಂಬ ಬಿಳಿಯ ಪುಡಿ ಪ್ರಯೋಗಾಲಯಗಳ ಕಪಾಟಿನಲ್ಲಿ ಸ್ಥಾನ ಪಡೆಯಿತು.

ಗುಣದ ಇನ್ನೊಂದು ಮುಖವನ್ನೂ ಇಲ್ಲಿಯೇ ಹೇಳಬೇಕು. ಕ್ಷಾರದಲ್ಲಿ ನೆಲೆ ನಿಲ್ಲುವ ಈ ವಸ್ತು ಆಮ್ಲ ತಾಗಿದೊಡನೆ ಒಡೆಯುತ್ತದೆ. ತಾನು ಹುಟ್ಟಿಬಂದ ಕಾರ್ಬನ್ ಡೈಸಲ್ಫೈಡನ್ನು ಮತ್ತೆ ಬಿಟ್ಟುಕೊಡುತ್ತದೆ. ಆ ದ್ರವ 46 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಿಡಿಯಿಲ್ಲದಿದ್ದರೂ ಬಿಸಿ ಕೊಳವೆಯೊಂದರ ಸಂಪರ್ಕ ಮಾತ್ರದಿಂದ ಅದು ಹೊತ್ತಿಕೊಳ್ಳಬಲ್ಲದು. ಡೈಥಯೋಕಾರ್ಬಮೇಟ್‌ಗಳ ಚರಿತ್ರೆಯ ಬಹುಪಾಲು ಅನಾಹುತಗಳ ಹಿಂದೆ ಎರಡು ಕಾರಣಗಳು ಕಾಣುತ್ತವೆ: ಹಿಡಿಯಬಾರದ ಲೋಹವನ್ನು ಹಿಡಿದದ್ದು, ಇಲ್ಲವೇ ಒಡೆಯಬಾರದ ಕಡೆಯಲ್ಲಿ ಒಡೆದದ್ದು.

ರಬ್ಬರ್ ಕಾರ್ಖಾನೆಯ ದುಡಿಮೆ

ಈ ಗುಂಪಿನ ತಾಯಿವಸ್ತುವಾದ ಕಾರ್ಬನ್ ಡೈಸಲ್ಫೈಡ್ ಮನುಷ್ಯರ ಮೇಲೆ ಮಾಡುವ ಪರಿಣಾಮ ಮೊದಲು ದಾಖಲಾದದ್ದು ಪ್ಯಾರಿಸ್ ನಗರದ ರಬ್ಬರ್ ಕೆಲಸಗಾರರಲ್ಲಿ. 1846ರಲ್ಲಿ ಇಂಗ್ಲೆಂಡಿನ ಪಾರ್ಕ್ಸ್ ಎಂಬಾತನು ಬಿಸಿಯಿಲ್ಲದೆ ರಬ್ಬರನ್ನು ಹದಗೊಳಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಈ ದ್ರವದ ಬಳಕೆ ಹೆಚ್ಚಿತು. ಇಕ್ಕಟ್ಟಾದ ಕೋಣೆಗಳಲ್ಲಿ ಅದರ ಆವಿಯನ್ನು ಉಸಿರಾಡಿದ ಕೆಲಸಗಾರರು ತಲೆನೋವು, ಕಾಲುಗಳ ನಿಶ್ಶಕ್ತಿ, ಮರೆವು, ಬುದ್ಧಿಭ್ರಮಣೆಗಳಿಗೆ ತುತ್ತಾದರು. ವೈದ್ಯ ಓಗ್ಯುಸ್ತ್ ದೆಲ್ಪೆಶ್ 1856ರಲ್ಲಿ ಈ ಕಾಯಿಲೆಯನ್ನು ವರ್ಣಿಸಿದನು. ಅವನ ವರದಿಗಳಿಗೆ ಆಕರವಾದದ್ದು ಕೆಲಸಗಾರರು ತಮ್ಮ ಮೈಯ ಬಗ್ಗೆ ಹೇಳಿದ ಮಾತುಗಳೇ.

ರಬ್ಬರ್‌ಗೆ ಗಂಧಕ ಬೆರೆಸಿ ಕಾಯಿಸುವ ವಿಧಾನ 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್‌ನಿಂದ ತಿಳಿದುಬಂದಿತ್ತಾದರೂ ಅದು ಬಹಳ ಹೊತ್ತು ಹಿಡಿಯುವ ಕೆಲಸವಾಗಿತ್ತು. 1906ರಲ್ಲಿ ಅಮೆರಿಕದ ಓಯನ್‌ಸ್ಲಾಗರ್ ಎಂಬಾತನು ಅನಿಲಿನ್ ಬೆರೆಸಿದರೆ ಕೆಲಸ ಬೇಗ ಮುಗಿಯುವುದೆಂದು ತೋರಿಸಿಕೊಟ್ಟನು. ಅದಕ್ಕಿಂತ ಚುರುಕಾದ ವೇಗವರ್ಧಕಗಳ ಹುಡುಕಾಟದಲ್ಲಿ, ಮೊದಲನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ, ಡೈಥಯೋಕಾರ್ಬಮೇಟ್‌ಗಳೂ ಅವುಗಳ ಸಮೀಪದ ಬಂಧುಗಳಾದ ಥಯೂರಾಮ್‌ಗಳೂ ರಬ್ಬರ್ ಉದ್ಯಮವನ್ನು ಪ್ರವೇಶಿಸಿದವು. ಇಂದಿಗೂ ಅನೇಕ ರಬ್ಬರ್ ಕೈಗವಸುಗಳಲ್ಲಿ ಈ ವಸ್ತುಗಳ ಅಂಶ ಉಳಿದಿರುತ್ತದೆ. ಕೆಲವರ ಚರ್ಮದಲ್ಲಿ ಅದರಿಂದ ತುರಿಕೆ, ಬೊಕ್ಕೆಗಳು ಏಳುತ್ತವೆ. ರಾಸಾಯನಿಕದಿಂದ ಕೈಯನ್ನು ಕಾಯಬೇಕಾದ ಗವಸೇ ಆ ರಾಸಾಯನಿಕವನ್ನು ಕೈಗೆ ತಲುಪಿಸುವ ಈ ಸ್ಥಿತಿ ಮುಂದಿನ ಕಥೆಗೆ ಒಳ್ಳೆಯ ಮುನ್ನುಡಿಯಂತಿದೆ.

1937ರಲ್ಲಿ ಅಮೆರಿಕದ ಕಾರ್ಖಾನೆ ವೈದ್ಯ ಇ. ಇ. ವಿಲಿಯಮ್ಸ್ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದ ಚಿಕ್ಕ ಟಿಪ್ಪಣಿ ಈ ದೃಷ್ಟಿಯಿಂದ ಮಹತ್ವದ್ದು. ಥಯೂರಾಮ್ ವಸ್ತುಗಳ ನಡುವೆ ದುಡಿಯುವ ಕಾರ್ಮಿಕರು ಮದ್ಯ ಸೇವಿಸಿದರೆ ಮುಖ ಕೆಂಪಗಾಗಿ, ಎದೆ ಹೊಡೆದುಕೊಂಡು, ತೀರ ಅಸ್ವಸ್ಥರಾಗುತ್ತಿದ್ದರು. ಅವರು ಮನಸ್ಸಿಲ್ಲದೆಯೇ ಪಾನನಿರೋಧಿಗಳಾಗಿದ್ದರು. ಕುಡಿತದ ಚಟಕ್ಕೆ ಇದೇ ಚಿಕಿತ್ಸೆಯಾಗಬಹುದೇ ಎಂದು ವಿಲಿಯಮ್ಸ್ ಅದೇ ಟಿಪ್ಪಣಿಯಲ್ಲಿ ಕೇಳಿದ್ದನು. ಆಗ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷಗಳ ತರುವಾಯ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಅದೇ ವರ್ಗದ ಡೈಸಲ್ಫಿರಾಮ್ ಎಂಬ ವಸ್ತುವನ್ನು ಹೊಟ್ಟೆಹುಳುವಿನ ಔಷಧವಾಗಿ ಪರೀಕ್ಷಿಸುತ್ತಿದ್ದರು. ತಾವೇ ಗುಳಿಗೆ ನುಂಗಿದ್ದ ದಿನಗಳಲ್ಲಿ ಸ್ವಲ್ಪ ಮದ್ಯ ಸೇವಿಸಿ ಅಸ್ವಸ್ಥರಾದಾಗ ಅವರಿಗೆ ಅದರ ಗುಣ ತಿಳಿಯಿತು. 1948ರಲ್ಲಿ ಅವರ ಸಂಶೋಧನೆ ಪ್ರಕಟವಾಯಿತು. ಕುಡಿತ ಬಿಡಿಸುವ ಔಷಧವಾಗಿ ಡೈಸಲ್ಫಿರಾಮ್ ಲೋಕದಾದ್ಯಂತ ಬಳಕೆಗೆ ಬಂದಿತು.

ಈ ವಸ್ತು ದೇಹದೊಳಗೆ ಒಡೆದು ಡೈಥಯೋಕಾರ್ಬಮೇಟ್ ಆಗುತ್ತದೆ. ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡನ್ನು ನಿವಾರಿಸುವ ಕಿಣ್ವ ನಿಂತುಹೋಗುವುದರಿಂದ ಆ ನಂಜು ರಕ್ತದಲ್ಲಿ ಉಳಿಯುತ್ತದೆ. ತಾಮ್ರವನ್ನು ಅವಲಂಬಿಸಿದ ಬೇರೊಂದು ಕಿಣ್ವವೂ ಇದರಿಂದ ಕುಂಠಿತವಾಗುತ್ತದೆ. ಇದೇ ಲೋಹ ಹಿಡಿಯುವ ಗುಣವನ್ನು ಉಪಕಾರಕ್ಕೆ ತಿರುಗಿಸಿದವರೂ ಇದ್ದಾರೆ. ನಿಕಲ್ ಕಾರ್ಬೊನಿಲ್ ಎಂಬ ವಿಷಾನಿಲ ಸೇವಿಸಿದ ಕಾರ್ಮಿಕರ ಚಿಕಿತ್ಸೆಗೆ ಅಮೆರಿಕದ ಸಂಡರ್‌ಮನ್ 1950ರ ದಶಕದಲ್ಲಿ ಡೈಈಥೈಲ್ ಡೈಥಯೋಕಾರ್ಬಮೇಟನ್ನು ಬಳಸಿದನು. ಕೆಲಸಗಾರನ ದೇಹಕ್ಕೆ ಒಂದೆಡೆ ಕೇಡು ಮಾಡಿದ ಗುಣವೇ ಇನ್ನೊಂದೆಡೆ ಅವನ ಪ್ರಾಣ ಕಾಯಿತು. 'ಮದ್ದು' ಎಂಬ ಪದ ಸೂಚಿಸುವ ಇಬ್ಬಂದಿತನ ಇದೇ.

ಎಲ್ಲ ಚರಿತ್ರೆಗಳಲ್ಲಿ ಡೈಸಲ್ಫಿರಾಮ್ ಶೋಧನೆಯ ಕೀರ್ತಿ ಡೆನ್ಮಾರ್ಕಿನ ವಿಜ್ಞಾನಿಗಳಿಗೆ ಸಂದಿದೆ. ವಿಲಿಯಮ್ಸ್‌ನ ಹೆಸರು ಅಡಿಟಿಪ್ಪಣಿಯಲ್ಲಿ ಉಳಿದಿದೆ. ಸಂಜೆಯ ಬಿಯರ್ ಕುಡಿದರೆ ಏನಾಗುತ್ತದೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಎಚ್ಚರಿಸಿದ ಕಾರ್ಮಿಕರ ಹೆಸರು ಎಲ್ಲಿಯೂ ಇಲ್ಲ. ಮೌಖಿಕ ಪರಂಪರೆಯ ಅಧ್ಯಯನಕಾರರಿಗೆ ಈ ಮೌನ ಹೊಸದೇನಲ್ಲ.

ಕೊಳೆರೋಗ, ಸುಣ್ಣ-ತುತ್ತ, ಎಂ-45

ಕೃಷಿಯಲ್ಲಿ ಡೈಥಯೋಕಾರ್ಬಮೇಟ್‌ಗಳು ಬಂದು ಸೇರಿದ ಜಾಗ ಬರಿದಾಗಿರಲಿಲ್ಲ. ಅಲ್ಲಿ ಅದಾಗಲೇ ತಾಮ್ರ ನೆಲೆಸಿತ್ತು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಂತೆ ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ಸಸ್ಯಶಾಸ್ತ್ರಜ್ಞ ಮಿಯಾರ್ಡೆ ಕಂಡನು. 1885ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಕಳ್ಳರನ್ನು ಬೆದರಿಸಲು ರೈತರು ಹೂಡಿದ ಉಪಾಯವೊಂದು ಹೀಗೆ ಜಗತ್ತಿನ ಮೊದಲ ಪ್ರಮುಖ ಶಿಲೀಂಧ್ರನಾಶಕವಾಯಿತು.

ಕರ್ನಾಟಕದ ಕಡೆಯಿಂದ ಈ ಚರಿತ್ರೆಗೆ ಸಂದ ಕಾಣಿಕೆ ಒಂದು ಪದದ ರೂಪದಲ್ಲಿದೆ. ಮೈಸೂರು ಸೀಮೆಯ ಕಾಫಿ ಗಿಡದ ಎಲೆಗಳನ್ನು ಕೊಳೆಸುವ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ 1876ರಲ್ಲಿ ಶಾಸ್ತ್ರೀಯ ನಾಮಕರಣ ಮಾಡಿದಾಗ ಬೆಳೆಗಾರರ ಬಾಯಲ್ಲಿದ್ದ 'ಕೊಳೆರೋಗ' ಎಂಬ ಕನ್ನಡ ಪದವನ್ನೇ ಜಾತಿನಾಮವಾಗಿ ಉಳಿಸಿಕೊಂಡನು. ಅಡಿಕೆಯ ಕೊಳೆರೋಗ ಬೇರೆ ಜೀವಿಯಿಂದ ಬರುವಂಥದು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದ ವರದಿಯ ಹೆಸರಿನಲ್ಲಿಯೂ ಇದೇ ಕನ್ನಡ ಪದವಿದೆ. ಆ ಕಾಲಕ್ಕೆ ಬೆಳೆಗಾರರಲ್ಲಿ ಕೊನೆಗಳಿಗೆ 'ಕೊಟ್ಟೆ' ಕಟ್ಟುವ ರೂಢಿಯಿತ್ತು. ಒಣಹುಲ್ಲು, ಅಡಿಕೆ ಹಾಳೆಗಳಿಂದ ಹೊದಿಕೆ ಮಾಡಿ ಮಳೆನೀರು ಕಾಯಿಗೆ ತಾಗದಂತೆ ತಡೆಯುವ ಈ ಕ್ರಮ ರೋಗದ ಮೂಲವಾದ ತೇವವನ್ನೇ ಗುರಿಯಾಗಿಸಿದ್ದಿತು. ಕೋಲ್ಮನ್ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದ ಮೇಲೆ ಕೊಟ್ಟೆ ಕ್ರಮೇಣ ಹಿಂದೆ ಸರಿಯಿತು.

ಬೋರ್ಡೋ ದ್ರಾವಣದ ವಿಶೇಷವೆಂದರೆ ಅದನ್ನು ಬೆಳೆಗಾರನು ತನ್ನ ಅಂಗಳದಲ್ಲಿಯೇ ಮಾಡಬೇಕು. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕಾಗುತ್ತದೆ. ಕಬ್ಬಿಣದ ಪಾತ್ರೆ ಕೂಡದು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಬಳಿಕ ಒಂದುಗೂಡಿಸಬೇಕು. ಹದ ತಿಳಿಯಲು ಉಜ್ಜಿ ಹೊಳಪಾಗಿಸಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಹಾಗೆಯೇ ಸಿಂಪಡಿಸಿದರೆ ಮರ ಸುಡುತ್ತದೆ. ಈ ಪರೀಕ್ಷೆಯನ್ನು ಓದುಬರಹ ಬಾರದವರೂ ಮಾಡಬಲ್ಲರು. ಮದ್ದು ಯಾವಾಗ ವಿಷವಾಗುತ್ತದೆಂಬುದನ್ನು ಕಣ್ಣಿಗೆ ತೋರಿಸುವ ಸಾಧನ ಬಳಕೆದಾರನ ಕೈಯಲ್ಲಿಯೇ ಇತ್ತು.

ಡೈಥಯೋಕಾರ್ಬಮೇಟ್‌ಗಳೊಡನೆ ಈ ಸ್ಥಿತಿ ಬದಲಾಯಿತು. ರಬ್ಬರ್ ರಾಸಾಯನಿಕಗಳಿಗೆ ಶಿಲೀಂಧ್ರಗಳನ್ನು ಕೊಲ್ಲುವ ಗುಣವಿದೆಯೆಂದು ಅಮೆರಿಕದ ಟಿಸ್‌ಡೇಲ್ ಮತ್ತು ವಿಲಿಯಮ್ಸ್ ಎಂಬುವರು 1934ರಲ್ಲಿ ಹಕ್ಕುಪತ್ರ ಪಡೆದರು. ಈ ವಿಲಿಯಮ್ಸ್ ಮೇಲೆ ಹೇಳಿದ ವೈದ್ಯನಲ್ಲ. ಈ ದಾರಿಯಲ್ಲಿ ಥೈರಾಮ್, ಜೈರಾಮ್, ಫರ್ಬಾಮ್‌ಗಳು ಬಂದವು. 1943ರಲ್ಲಿ ಡೈಮಂಡ್, ಹ್ಯೂಬರ್ಗರ್ ಮತ್ತು ಹಾರ್ಸ್‌ಫಾಲ್ ಎಂಬ ವಿಜ್ಞಾನಿಗಳು ನಬಾಮ್ ಎಂಬ ನೀರಿನಲ್ಲಿ ಕರಗುವ ವಸ್ತುವನ್ನು ಪರಿಚಯಿಸಿದರು. ಅದು ಬೇಗ ಕೆಡುತ್ತಿದ್ದಿತಾದ್ದರಿಂದ ಸತುವಿನ ಸಲ್ಫೇಟ್ ಬೆರೆಸಿದಾಗ ಜೈನೆಬ್ ಸಿದ್ಧವಾಯಿತು. ಮ್ಯಾಂಗನೀಸ್ ಸೇರಿ ಮ್ಯಾನೆಬ್, ಅದಕ್ಕೆ ಸತುವೂ ಕೂಡಿ 1960ರ ದಶಕದ ಆರಂಭದಲ್ಲಿ ಮ್ಯಾಂಕೋಜೆಬ್ ಹುಟ್ಟಿಕೊಂಡವು. ಕರ್ನಾಟಕದ ಪೇಟೆಗಳಲ್ಲಿ 'ಎಂ-45' ಎಂದು ಮಾರಾಟವಾಗುವ ಹಳದಿ ಪುಡಿ ಈ ಮ್ಯಾಂಕೋಜೆಬ್. ಅಡಿಕೆಯ ಕೊಳೆರೋಗಕ್ಕೆ ಇಂದಿಗೂ ಸುಣ್ಣ-ತುತ್ತವೇ ಪ್ರಧಾನವಾಗಿದ್ದರೂ ಹಾಸನ ಸೀಮೆಯ ಆಲೂಗಡ್ಡೆಯ ಅಂಗಮಾರಿಗೆ, ಟೊಮೆಟೊ, ದ್ರಾಕ್ಷಿ, ಮೆಣಸಿನಕಾಯಿ ಬೆಳೆಗಳ ಎಲೆರೋಗಗಳಿಗೆ ಮ್ಯಾಂಕೋಜೆಬ್ ಬಳಕೆ ವ್ಯಾಪಕವಾಯಿತು.

ಇದರ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಬೆಲೆ ಕಡಿಮೆ, ಗಿಡ ಸುಡುವ ಭಯವಿಲ್ಲ, ಶಿಲೀಂಧ್ರದ ಜೀವಕೋಶವನ್ನು ಹಲವು ಕಡೆಯಿಂದ ಒಮ್ಮೆಗೇ ಬಾಧಿಸುವುದರಿಂದ ರೋಗಾಣು ಇದಕ್ಕೆ ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ. ಆದರೆ ಪೊಟ್ಟಣ ಕತ್ತರಿಸಿ ನೀರಿಗೆ ಸುರಿಯುವ ಈ ಮದ್ದಿಗೆ ಕತ್ತಿಯ ಪರೀಕ್ಷೆಯಿಲ್ಲ. ಪುಡಿ ಕೆಟ್ಟಿದೆಯೇ, ಒಡೆದಿದೆಯೇ ಎಂಬುದು ಕಣ್ಣಿಗೆ ಕಾಣುವಂಥದಲ್ಲ. ತಿಳಿವು ರೈತನ ಕೈಯಿಂದ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳಿಗೆ ವರ್ಗವಾಯಿತು. ಡೈಥಯೋಕಾರ್ಬಮೇಟ್‌ಗಳು ಗ್ರಾಮ ಜೀವನದಲ್ಲಿ ತಂದ ಪಲ್ಲಟಗಳಲ್ಲಿ ಇದನ್ನೇ ಮುಖ್ಯವೆಂದು ಪರಿಗಣಿಸಬೇಕು.

ಎರಡು ನದಿಗಳ ಸಾಕ್ಷ್ಯ

ಈ ಪಲ್ಲಟದ ಪರಿಣಾಮ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೆರಿಕದ ಎರಡು ನದಿಗಳು ಸಾಕ್ಷಿಯಾಗಿವೆ. 1991ರ ಜುಲೈ 14ರಂದು ಕ್ಯಾಲಿಫೋರ್ನಿಯಾದ ಡನ್ಸ್‌ಮ್ಯೂರ್ ಬಳಿ ಗೂಡ್ಸ್ ರೈಲೊಂದು ಹಳಿ ತಪ್ಪಿತು. ಸುಮಾರು 72,000 ಲೀಟರ್ ಮೆಟಾಮ್ ಸೋಡಿಯಂ ಸ್ಯಾಕ್ರಮೆಂಟೊ ನದಿಯ ಮೇಲ್ಭಾಗಕ್ಕೆ ಸೋರಿತು. ಇದು ಮಣ್ಣಿನ ರೋಗಾಣುಗಳನ್ನು ಕೊಲ್ಲಲು ಬಳಸುವ ಡೈಥಯೋಕಾರ್ಬಮೇಟ್. ನೀರಿನಲ್ಲಿ ಒಡೆದಾಗ ಮಿಥೈಲ್ ಐಸೊಥಯೋಸಯನೇಟ್ ಎಂಬ ಘಾಟು ಅನಿಲವನ್ನು ಬಿಡುತ್ತದೆ. ಶಾಸ್ತಾ ಸರೋವರದವರೆಗಿನ ನದಿಪಾತ್ರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮೀನುಗಳು ಸತ್ತವು. ನೀರಿನ ಹುಳುಹುಪ್ಪಟೆ, ಪಾಚಿಗಳೂ ಉಳಿಯಲಿಲ್ಲ. ದಡದ ಊರಿನ ಜನ ಕಣ್ಣುರಿ, ತಲೆನೋವು, ಉಸಿರಾಟದ ತೊಂದರೆಗಳಿಂದ ಬಳಲಿದರು. ಅಂದಿನ ಸಾಗಣೆ ನಿಯಮಗಳಲ್ಲಿ ಈ ವಸ್ತುವನ್ನು ಅಪಾಯಕಾರಿಯೆಂದು ವರ್ಗೀಕರಿಸಿಯೇ ಇರಲಿಲ್ಲ.

ಎರಡನೆಯ ಘಟನೆ ಲೋಹ ಹಿಡಿಯುವ ಗುಣಕ್ಕೆ ನೇರವಾಗಿ ಸಂಬಂಧಿಸಿದ್ದು. ಲೋಹಲೇಪನ ಕಾರ್ಖಾನೆಗಳ ಕೊಳಚೆ ನೀರಿನಲ್ಲಿ ತಾಮ್ರ, ನಿಕಲ್, ಸತುಗಳು ಕರಗಿರುತ್ತವೆ. ಸಾಮಾನ್ಯವಾಗಿ ಸುಣ್ಣ ಹಾಕಿದರೆ ಅವು ಗಸಿಯಾಗಿ ತಳಕ್ಕಿಳಿಯುತ್ತವೆ. ಲೇಪನ ದ್ರಾವಣದ ಇತರ ವಸ್ತುಗಳು ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಸುಣ್ಣದಿಂದ ಕೆಲಸವಾಗದು. ಆಗ ಅದಕ್ಕಿಂತ ಬಿಗಿಯಾದ ಇಕ್ಕಳವುಳ್ಳ ಸೋಡಿಯಂ ಡೈಮಿಥೈಲ್ ಡೈಥಯೋಕಾರ್ಬಮೇಟನ್ನು ಹಾಕಿ ಲೋಹವನ್ನು ಕಸಿದುಕೊಳ್ಳಲಾಗುತ್ತದೆ. ನೀರನ್ನು ಶುದ್ಧಗೊಳಿಸಲೆಂದೇ ಬಳಸುವ ವಸ್ತು ಇದು. 1999ರ ಡಿಸೆಂಬರಿನಲ್ಲಿ ಇಂಡಿಯಾನಾ ರಾಜ್ಯದ ಆ್ಯಂಡರ್‌ಸನ್ ನಗರದಲ್ಲಿ ವಾಹನಗಳ ದೀಪ ತಯಾರಿಸುವ ಕಾರ್ಖಾನೆಯೊಂದರಿಂದ ಇಂಥ ರಾಸಾಯನಿಕ ಸೇರಿದ ಕೊಳಚೆ ನೀರು ನಗರದ ಶುದ್ಧೀಕರಣ ಘಟಕಕ್ಕೆ ಹರಿಯಿತು. ಹಿಡಿಯಲು ಲೋಹ ಸಾಲದೆ ಮಿಕ್ಕುಳಿದ ಡೈಥಯೋಕಾರ್ಬಮೇಟ್ ಥೈರಾಮ್, ಕಾರ್ಬನ್ ಡೈಸಲ್ಫೈಡ್ ಮುಂತಾದ ವಿಷಗಳಾಗಿ ಮಾರ್ಪಡುವಂಥದು. ಘಟಕದಲ್ಲಿ ಮಲಿನವನ್ನು ಜೀರ್ಣಿಸುತ್ತಿದ್ದ ಸೂಕ್ಷ್ಮಜೀವಿಗಳು ಸತ್ತವು. ಅಲ್ಲಿಂದ ವೈಟ್ ನದಿಯಲ್ಲಿ ಸುಮಾರು 80 ಕಿಲೋಮೀಟರ್ ದೂರದವರೆಗೆ 117 ಟನ್ ಮೀನುಗಳು ಸತ್ತು ತೇಲಿದವೆಂದು ಅಧಿಕೃತ ಅಂದಾಜು ಹೇಳುತ್ತದೆ. 2001ರಲ್ಲಿ ಸುಮಾರು 1 ಕೋಟಿ 40 ಲಕ್ಷ ಡಾಲರ್ ಮೊತ್ತದ ಒಪ್ಪಂದದೊಡನೆ ಮೊಕದ್ದಮೆ ಇತ್ಯರ್ಥವಾಯಿತು.

ಸೋಡಿಯಂ ಡೈಮಿಥೈಲ್ ಡೈಥಯೋಕಾರ್ಬಮೇಟ್ ಅಳತೆಗೆ ತಕ್ಕಷ್ಟಿದ್ದಾಗ ಲೋಹದೊಡನೆ ಗಸಿಯಾಗಿ ತಳ ಸೇರುತ್ತದೆ. ಅಳತೆ ಮೀರಿದಾಗ ತಾನೇ ವಿಷವಾಗಿ ಹರಿಯುತ್ತದೆ. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಗೆ ಇದಕ್ಕಿಂತ ನಿಖರವಾದ ಉದಾಹರಣೆ ಸಿಗುವುದು ಕಷ್ಟ. ಬೆಂಗಳೂರಿನ ಪೀಣ್ಯದಂತಹ ಲೋಹಲೇಪನ ಘಟಕಗಳಿರುವ ಪ್ರದೇಶಗಳಿಗೆ ಈ ಘಟನೆ ದೂರದೇಶದ ಸುದ್ದಿಯಷ್ಟೇ ಆಗಬಾರದು.

ಹೆಸರು, ಗುರುತು, ಎಚ್ಚರ

ಕರ್ನಾಟಕದ ಹಳ್ಳಿಗಳಲ್ಲಿ ಪೀಡೆನಾಶಕಗಳನ್ನು 'ಔಷಧಿ' ಎಂದೂ ಕೆಲವೆಡೆ 'ಎಣ್ಣೆ' ಎಂದೂ ಕರೆಯುವುದುಂಟು. 'ಮದ್ದು' ಪದದಲ್ಲಿದ್ದ ಎಚ್ಚರ 'ಔಷಧಿ' ಪದದಲ್ಲಿಲ್ಲ. ಆಸ್ಪತ್ರೆಯ ಗುಳಿಗೆಗೂ ಅಂಗಡಿಯ ಪುಡಿಗೂ ಒಂದೇ ಹೆಸರು ಬಂದಾಗ ವಿಷದ ಅರ್ಥ ಮರೆಯಾಗುತ್ತದೆ. ಪೊಟ್ಟಣದ ಮೇಲಿನ ಗುರುತು ಈ ಕೊರತೆಯನ್ನು ತುಂಬಬೇಕಾಗಿತ್ತು. 1968ರ ಕೀಟನಾಶಕ ಕಾಯಿದೆಯನ್ವಯ ರೂಪುಗೊಂಡ 1971ರ ನಿಯಮಗಳು ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳ ಗುರುತಿನಿಂದ ಸೂಚಿಸುತ್ತವೆ. ಮ್ಯಾಂಕೋಜೆಬ್ ಪೊಟ್ಟಣದ ಮೇಲಿರುವುದು ಹಸಿರು. ಒಮ್ಮೆಗೆ ಎಷ್ಟು ಸೇವಿಸಿದರೆ ಸಾವು ಬರುತ್ತದೆಂಬುದಷ್ಟೇ ಈ ಬಣ್ಣಗಳ ಆಧಾರ. ದಿನದಿನವೂ ಚೂರುಚೂರಾಗಿ ಮೈ ಸೇರುವ ಅಂಶದ ಬಗ್ಗೆ ಹಸಿರು ಬಣ್ಣ ಏನನ್ನೂ ಹೇಳದು.

ಮ್ಯಾಂಕೋಜೆಬ್‌ನ ಮುಖ್ಯ ಸಮಸ್ಯೆ ಇರುವುದು ಈ ಹೇಳದೆ ಉಳಿದ ಭಾಗದಲ್ಲಿ. ಅದು ಒಡೆದಾಗ ಹುಟ್ಟುವ ಎಥಿಲೀನ್ ಥಯೋಯೂರಿಯಾ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಪ್ರಯೋಗದ ಇಲಿಗಳಲ್ಲಿ ಅದೇ ಗ್ರಂಥಿಯ ಗೆಡ್ಡೆಗಳಿಗೆ ಕಾರಣವಾದುದು ಕಂಡುಬಂದಿದೆ. ತರಕಾರಿಯ ಮೇಲೆ ಉಳಿದ ಮ್ಯಾಂಕೋಜೆಬ್ ಬೇಯಿಸುವಾಗ ಸ್ವಲ್ಪಮಟ್ಟಿಗೆ ಈ ವಸ್ತುವಾಗಿ ಮಾರ್ಪಡುತ್ತದೆ. ಆದ್ದರಿಂದ ಬೇಯಿಸುವುದಕ್ಕೆ ಮೊದಲೇ ಚೆನ್ನಾಗಿ ತೊಳೆಯುವುದು ಅಗತ್ಯ. ಇಂಥ ಕಾರಣಗಳಿಂದ ಯುರೋಪಿಯನ್ ಒಕ್ಕೂಟವು 2020ರ ಡಿಸೆಂಬರಿನಲ್ಲಿ ಮ್ಯಾಂಕೋಜೆಬ್‌ಗೆ ನೀಡಿದ್ದ ಅನುಮತಿಯನ್ನು ನವೀಕರಿಸದಿರಲು ನಿರ್ಧರಿಸಿತು. ಭಾರತ ಸರ್ಕಾರವು 2020ರ ಮೇ ತಿಂಗಳಲ್ಲಿ 27 ಪೀಡೆನಾಶಕಗಳನ್ನು ನಿಷೇಧಿಸುವ ಕರಡು ಆದೇಶವನ್ನು ಹೊರಡಿಸಿದಾಗ ಅದರಲ್ಲಿ ಮ್ಯಾಂಕೋಜೆಬ್, ಥೈರಾಮ್, ಜೈರಾಮ್, ಜೈನೆಬ್ ಈ ನಾಲ್ಕೂ ಸೇರಿದ್ದವು. 2023ರಲ್ಲಿ ಹೊರಟ ಅಂತಿಮ ಆದೇಶದಲ್ಲಿ ಇವುಗಳನ್ನು ಪೂರ್ತಿಯಾಗಿ ನಿಷೇಧಿಸಲಿಲ್ಲ.

ಮೇಲಿನ ಚರಿತ್ರೆಯಿಂದಲೇ ಸುರಕ್ಷಿತ ನಿರ್ವಹಣೆಯ ಸೂತ್ರಗಳನ್ನು ಹೊರತೆಗೆಯಬಹುದು. ಪ್ರಯೋಗಾಲಯ, ಕಾರ್ಖಾನೆ, ಹೊಲ ಎಲ್ಲಿಯೇ ಆಗಲಿ ಡೈಥಯೋಕಾರ್ಬಮೇಟನ್ನು ಆಮ್ಲದ ಬಳಿ ಇಡಬಾರದು. ಎರಡೂ ಒಂದೇ ಚರಂಡಿಗೆ, ಒಂದೇ ತೊಟ್ಟಿಗೆ ಬೀಳಬಾರದು. ತೇವ ಮತ್ತು ಶಾಖ ಇದರ ವೈರಿಗಳು. ತೇವ ಹಿಡಿದ ಮ್ಯಾನೆಬ್ ರಾಶಿ ತನ್ನೊಳಗೇ ಕಾದು ಹೊತ್ತಿಕೊಳ್ಳಬಲ್ಲದೆಂಬ ಕಾರಣಕ್ಕೆ ಅದರ ಸಾಗಣೆಗೆ ಪ್ರತ್ಯೇಕ ನಿಯಮಗಳಿವೆ. ಅರ್ಧ ಬಳಸಿದ ಪೊಟ್ಟಣವನ್ನು ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಬಿಸಿ ತಾಗುವಲ್ಲಿ ಇಡುವುದು ಎರಡು ರೀತಿಯಿಂದಲೂ ಅಪಾಯ. ಪುಡಿ ಕಲಸುವಾಗ ಮೂಗು, ಬಾಯಿ, ಕಣ್ಣುಗಳನ್ನು ರಕ್ಷಿಸಿಕೊಳ್ಳಬೇಕು. ಜೈರಾಮ್ ಕಣ್ಣಿಗೆ ಬಿದ್ದರೆ ತೀವ್ರ ಹಾನಿ ಮಾಡುತ್ತದೆ. ಥೈರಾಮ್ ಮುಟ್ಟಿದವರು ಮದ್ಯ ಸೇವಿಸಕೂಡದೆಂಬುದು 1937ರ ಕಾರ್ಮಿಕರು ಕಲಿಸಿದ ಪಾಠ. ಥೈರಾಮ್ ಲೇಪಿಸಿದ ಬಿತ್ತನೆ ಬೀಜ ಮಿಕ್ಕರೆ ಅದನ್ನು ತೊಳೆದರೂ ಊಟಕ್ಕಾಗಲಿ ಕೋಳಿ-ದನಗಳಿಗಾಗಲಿ ಬಳಸಬಾರದು. ಅದನ್ನು ತಿಂದ ಕೋಳಿಗಳಲ್ಲಿ ಕಾಲಿನ ಮೂಳೆಯ ವಿಕಾರ, ಮೆತ್ತನೆಯ ಚಿಪ್ಪಿನ ಮೊಟ್ಟೆಗಳು ಕಂಡುಬರುತ್ತವೆ. ಸಿಂಪಡಿಸಿದ ಡಬ್ಬಿ, ಪಂಪುಗಳನ್ನು ಹಳ್ಳ-ಕೆರೆಗಳಲ್ಲಿ ತೊಳೆಯಬಾರದೆಂಬುದಕ್ಕೆ ಎರಡು ನದಿಗಳ ಕಥೆಯೇ ಸಾಕು. ಕೊಳಚೆ ನೀರು ಶುದ್ಧೀಕರಿಸುವಲ್ಲಿ ಲೋಹದ ಪ್ರಮಾಣವನ್ನು ಅಳೆದ ಬಳಿಕವೇ ರಾಸಾಯನಿಕವನ್ನು ಹಾಕಬೇಕು.

ಈ ಸೂತ್ರಗಳು ಹೊಸವಲ್ಲ. ಪೊಟ್ಟಣದ ಒಳಗಿನ ಮಡಿಕೆ ಕಾಗದದಲ್ಲಿ ಅವುಗಳಲ್ಲಿ ಹಲವು ಅಚ್ಚಾಗಿರುತ್ತವೆ. ಅಚ್ಚಾದುದು ಸಮುದಾಯದ ತಿಳಿವಾಗಬೇಕಾದರೆ ಅದು ಬಾಯಿಂದ ಬಾಯಿಗೆ ದಾಟಬೇಕು. ಕತ್ತಿ ಅದ್ದುವ ಪರೀಕ್ಷೆಯಂತೆ ಕೈಗೆ ರೂಢಿಯಾಗಬೇಕು. ಮರ ಹತ್ತಿ ಮದ್ದು ಬಿಡುವ ಕೊನೆಗಾರನಿಗೆ, ದಿನಗೂಲಿಗೆ ಸಿಂಪಡಿಸುವ ಆಳಿಗೆ, ಕೈಯಿಂದ ಬೀಜ ಬೆರೆಸುವ ಹೆಂಗಸಿಗೆ ಆ ಕಾಗದ ಸಿಗುವುದೇ ಅಪರೂಪ. ಕಾಗದ ತೋಟದ ಯಜಮಾನನಿಗೆ ಸೇರುತ್ತದೆ, ಪುಡಿ ಮಾತ್ರ ದುಡಿಯುವವರ ಮೈಗೆ ಸೇರುತ್ತದೆ.

ಸಮಾರೋಪ

ಡೈಥಯೋಕಾರ್ಬಮೇಟ್‌ಗಳ ನೂರು ವರ್ಷಗಳ ಚರಿತ್ರೆಯಲ್ಲಿ ಒಂದೇ ಗುಣ ಹಲವು ವೇಷಗಳಲ್ಲಿ ಕಾಣಿಸಿಕೊಂಡಿದೆ. ಪ್ರಯೋಗಾಲಯದಲ್ಲಿ ತಾಮ್ರವನ್ನು ಬಣ್ಣವಾಗಿ ತೋರಿದ ಗಂಧಕದ ಇಕ್ಕಳವೇ ದೇಹದೊಳಗೆ ಹೊಕ್ಕು ಕಿಣ್ವವನ್ನು ತಡೆಯಿತು. ಕೊಳಚೆಯ ನಿಕಲನ್ನು ಹಿಡಿದದ್ದೂ ಅದೇ. ಅದರ ಗುಣದೋಷಗಳನ್ನು ಮೊದಲು ಅನುಭವಿಸಿದವರು ಪ್ಯಾರಿಸ್ಸಿನ ಇಕ್ಕಟ್ಟು ಕೋಣೆಗಳ ಕೆಲಸಗಾರರು ಮತ್ತು ಬಿಯರ್ ಕುಡಿಯಲಾಗದೆ ಹೋದ ರಬ್ಬರ್ ಕಾರ್ಮಿಕರು. ತಾಮ್ರದ ಕಾಲದಲ್ಲಿ ರಸ್ತೆಯಂಚಿನ ಬಳ್ಳಿಗೆ ತುತ್ತ ಬಳಿದ ದ್ರಾಕ್ಷಿ ಬೆಳೆಗಾರರಿಂದಲೂ ರೋಗಕ್ಕೆ ಹೆಸರಿಟ್ಟ ಕನ್ನಡದ ರೈತರಿಂದಲೂ ಶಾಸ್ತ್ರ ಕಲಿತಿತ್ತು. ಶಾಸ್ತ್ರ ಅವರಿಂದ ಪದವನ್ನು, ಉಪಾಯವನ್ನು, ಲಕ್ಷಣಗಳನ್ನು ಪಡೆದುಕೊಂಡಿತು. ಹಿಂದಿರುಗಿಸುವಾಗ ಮಾತ್ರ ಒಂದು ಪೊಟ್ಟಣವನ್ನೂ ಹಸಿರು ಗುರುತನ್ನೂ ಕೊಟ್ಟಿತು.

ಜಾನಪದ ಅಧ್ಯಯನವು ಹಾಡು, ಕಥೆ, ಆಚರಣೆಗಳ ಜೊತೆಗೆ ದುಡಿಮೆಯ ತಿಳಿವನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡು ದಶಕಗಳಾಗಿವೆ. ಬಿತ್ತನೆ, ನೇಯ್ಗೆ, ಮೀನುಗಾರಿಕೆಗಳ ತಿಳಿವನ್ನು ಸಂಗ್ರಹಿಸಿದಂತೆ ಮದ್ದು ಸಿಂಪಡಿಸುವವರ, ಲೋಹಲೇಪನ ತೊಟ್ಟಿಗಳ ಬಳಿ ನಿಲ್ಲುವವರ ತಿಳಿವನ್ನೂ ಸಂಗ್ರಹಿಸಬೇಕಾಗಿದೆ. ಯಾವ ಪುಡಿ ಮೈ ಕೆರೆಸುತ್ತದೆ, ಯಾವುದರ ಘಾಟಿಗೆ ತಲೆ ಸುತ್ತುತ್ತದೆ, ಯಾವುದನ್ನು ಹೊಡೆದ ದಿನ ಸಂಜೆ ಏನನ್ನು ಕುಡಿಯಬಾರದು ಎಂಬ ಮಾತುಗಳು ಅವರ ನಡುವೆ ಇಂದಿಗೂ ಓಡಾಡುತ್ತಿರುತ್ತವೆ. 1937ರಲ್ಲಿ ಅಂಥ ಮಾತುಗಳನ್ನು ಕೇಳಿಸಿಕೊಂಡ ಒಬ್ಬ ವೈದ್ಯನಿದ್ದನು. ಕೇಳಿಸಿಕೊಳ್ಳುವವರ ಸಂಖ್ಯೆ ಹೆಚ್ಚಿದಷ್ಟೂ ಮುಂದಿನ ಅನಾಹುತದ ಸುಳಿವು ನದಿಯ ಮೀನುಗಳಿಗಿಂತ ಮೊದಲೇ ಸಿಗಬಲ್ಲದು.